ಛಾಯಾಚಿತ್ರವೂ ಐತಿಹಾಸಿಕ ಪ್ರಮಾಣವೂ: ಸ್ಪೇನಿನ ಅಂತರ್ಯುದ್ಧದ ಒಂದು ಚಿತ್ರದ ವಿಮರ್ಶೆ

ಸ್ಪೇನಿನ ಅಂತರ್ಯುದ್ಧವನ್ನು (1936–39) ಕುರಿತ ಗ್ರಂಥಗಳಲ್ಲಿ ಒಂದು ಛಾಯಾಚಿತ್ರವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬಯಲಿನ ಇಳಿಜಾರಿನಲ್ಲಿ ಬಿಳಿಯ ಅಂಗಿ ತೊಟ್ಟ ಯೋಧನೊಬ್ಬನು ಹಿಂದಕ್ಕೆ ಒರಗಿ ಬೀಳುತ್ತಿದ್ದಾನೆ. ಚಾಚಿದ ಬಲಗೈಯಿಂದ ಬಂದೂಕು ಜಾರುತ್ತಿದೆ. ಮೇಲೆ ಬರಿಯ ಆಕಾಶ. ಇದನ್ನು ತೆಗೆದವನು ರಾಬರ್ಟ್ ಕಾಪಾ ಎಂಬ ಹೆಸರಿನಿಂದ ಪ್ರಸಿದ್ಧನಾದ, ಹಂಗೆರಿಯಲ್ಲಿ ಹುಟ್ಟಿದ ಎಂಡ್ರೆ ಫ್ರೀಡ್‌ಮನ್. ಇತಿಹಾಸದ ವಿದ್ಯಾರ್ಥಿಗಳು ಈ ಚಿತ್ರವನ್ನು ಯಾವ ಬಗೆಯ ಪ್ರಮಾಣವೆಂದು ಸ್ವೀಕರಿಸಬಹುದೆಂಬುದೇ ಇಲ್ಲಿ ವಿಚಾರಣೀಯ ವಿಷಯ.

ಮೊದಲು ಚಿತ್ರವನ್ನಷ್ಟೇ ನೋಡೋಣ. ಅದರಲ್ಲಿ ಶತ್ರುವಿಲ್ಲ, ಸ್ಪಷ್ಟವಾದ ಗಾಯವಿಲ್ಲ, ಊರಿನ ಗುರುತಿಲ್ಲ. ಇವನ್ನೆಲ್ಲ ಒದಗಿಸಿದ್ದು ಅಡಿಬರಹ. 1936ರ ಸೆಪ್ಟೆಂಬರ್ 23ರಂದು ಪ್ಯಾರಿಸಿನ ‘ವೂ’ ಪತ್ರಿಕೆಯು ಇದನ್ನು ಮೊದಲು ಪ್ರಕಟಿಸಿದಾಗ, ಬಹುಮಟ್ಟಿಗೆ ಅದೇ ಸ್ಥಳದಲ್ಲಿ ಬೀಳುತ್ತಿರುವ ಮತ್ತೊಬ್ಬನ ಚಿತ್ರವೂ ಜೊತೆಗಿತ್ತು. 1937ರ ಜುಲೈ 12ರ ‘ಲೈಫ್’ ಪತ್ರಿಕೆಯಾದರೋ, ಕಾರ್ಡೊಬಾ ನಗರದ ಬಳಿ ತಲೆಗೆ ಗುಂಡು ತಗುಲಿದ ಕ್ಷಣವೇ ಇದೆಂದು ನಿಸ್ಸಂದೇಹವಾಗಿ ಸಾರಿತು. ಎರಡನೆಯ ಚಿತ್ರವು ಮರೆಯಾಯಿತು, ಅಡಿಬರಹವು ಉಳಿಯಿತು.

1970ರ ದಶಕದಿಂದ ಈ ವಿವರಣೆಯ ಮೇಲೆ ಸಂಶಯಗಳು ಎದ್ದವು. 1990ರ ದಶಕದಲ್ಲಿ ಯೋಧನು ಫೆಡೆರಿಕೊ ಬೊರೆಲ್ ಗಾರ್ಸಿಯ ಎಂದೂ, ಆತನು 1936ರ ಸೆಪ್ಟೆಂಬರ್ 5ರಂದು ಸೆರೊ ಮುರಿಯಾನೊ ಎಂಬಲ್ಲಿ ಮಡಿದವನೆಂದೂ ಪ್ರತಿಪಾದಿಸಲಾಯಿತು. ಆದರೆ ಆತನು ಮರದ ಮರೆಯಿಂದ ಹೋರಾಡುತ್ತಿದ್ದಾಗ ಸತ್ತನೆಂದು 1937ರ ಒಂದು ಬರಹ ಹೇಳುತ್ತದೆ. ಚಿತ್ರದಲ್ಲಿ ಮರವೇ ಇಲ್ಲ. 2009ರಲ್ಲಿ ಹೊಸೆ ಮನುಯೆಲ್ ಸುಸ್ಪೆರೆಗಿ ಎಂಬ ವಿದ್ವಾಂಸರು ಅದೇ ಸರಣಿಯ ಇತರ ಚಿತ್ರಗಳ ಹಿನ್ನೆಲೆಯಲ್ಲಿರುವ ಬೆಟ್ಟಗಳ ರೇಖೆಯನ್ನು ಹೋಲಿಸಿ ನೋಡಿ, ಸ್ಥಳವು ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಎಸ್ಪೆಹೊ ಎಂದು ತೋರಿಸಿದರು. ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಅಲ್ಲಿ ಕಾಳಗ ನಡೆದಿರಲಿಲ್ಲವೆಂಬುದು ಅವರ ವಾದ. 2007ರಲ್ಲಿ ನ್ಯೂಯಾರ್ಕಿಗೆ ತಲುಪಿದ ‘ಮೆಕ್ಸಿಕೋ ಪೆಟ್ಟಿಗೆ’ಯಲ್ಲಿ ಕಾಪಾ, ಗೆರ್ಡಾ ಟಾರೊ, ಡೇವಿಡ್ ಸೇಮೂರ್ ಎಂಬ ಮೂವರ ಸುಮಾರು 4,500 ನೆಗೆಟಿವ್‌ಗಳು ದೊರೆತವಾದರೂ ಈ ಚಿತ್ರದ ನೆಗೆಟಿವ್ ಅವುಗಳಲ್ಲಿರಲಿಲ್ಲ. ಶಾಸನಕ್ಕೆ ಅದು ದೊರೆತ ನೆಲೆಯು ಎಷ್ಟು ಮುಖ್ಯವೋ ಛಾಯಾಚಿತ್ರಕ್ಕೆ ಫಿಲ್ಮಿನ ಸುರುಳಿಯಲ್ಲಿರುವ ಹಿಂದುಮುಂದಿನ ಕ್ರಮವೂ ಅಷ್ಟೇ ಮುಖ್ಯ. ಇಲ್ಲಿ ಆ ನೆರವು ಇಲ್ಲವಾಗಿದೆ.

ಇಷ್ಟಾದ ಮೇಲೂ ಕೆಲವು ವಿಮರ್ಶಕರು ಒಂದು ಸಮಾಧಾನವನ್ನು ಮುಂದಿಡುತ್ತಾರೆ: ಚಿತ್ರವು ಸಂಕೇತವಾಗಿ ಬೆಳೆದಿದೆ, ಇಂಥ ಸಾವುಗಳು ಸಾವಿರಾರು ನಡೆದಿವೆ, ಆದ್ದರಿಂದ ಈ ಒಬ್ಬನು ನಿಜವಾಗಿ ಸತ್ತನೇ ಎಂಬ ಪ್ರಶ್ನೆಯೇ ಅಪ್ರಸ್ತುತ. ಈ ವಾದವು ಒಪ್ಪತಕ್ಕದ್ದಲ್ಲ. 1937ರ ಏಪ್ರಿಲ್ 26ರಂದು ಗೆರ್ನಿಕಾ ಪಟ್ಟಣದ ಮೇಲೆ ಬಾಂಬುಗಳು ಬಿದ್ದಾಗ ಫ್ರಾಂಕೋ ಪಕ್ಷದವರು ದಾಳಿಯನ್ನೇ ನಿರಾಕರಿಸಿ, ಹಿಮ್ಮೆಟ್ಟುವವರೇ ಊರನ್ನು ಸುಟ್ಟರೆಂದು ಪ್ರಚಾರ ಮಾಡಿದರು. ಅಂಥ ಅಸತ್ಯವನ್ನು ಖಂಡಿಸಲು ಸಾಕ್ಷ್ಯವಲ್ಲದೆ ಬೇರೆ ಸಾಧನವಿಲ್ಲ. ನಮಗೆ ಪ್ರಿಯವಾದ ಪಕ್ಷದ ಚಿತ್ರಕ್ಕೆ ಸಾಕ್ಷ್ಯ ಬೇಡವೆಂದು ಒಮ್ಮೆ ಒಪ್ಪಿಕೊಂಡರೆ, ನಿಜವಾಗಿ ಮಡಿದವರ ಪರವಾಗಿ ವಾದಿಸುವ ಅಧಿಕಾರವನ್ನು ನಾವೇ ಕಳೆದುಕೊಳ್ಳುತ್ತೇವೆ.

ಹಾಗೆಂದು ಚಿತ್ರವನ್ನು ತ್ಯಜಿಸಬೇಕಾಗಿಯೂ ಇಲ್ಲ. ಕೂಟಶಾಸನವೊಂದು ತಾನು ಹೇಳುವ ಕಾಲಕ್ಕೆ ಆಧಾರವಾಗದಿದ್ದರೂ, ಅದನ್ನು ಬರೆಸಿದವರ ಕಾಲಕ್ಕೆ ಹಾಗೂ ಉದ್ದೇಶಕ್ಕೆ ಆಧಾರವಾಗುತ್ತದೆಂಬುದು ತಾಮ್ರಪಟಗಳನ್ನು ಪರಿಶೀಲಿಸಿದವರಿಗೆಲ್ಲ ತಿಳಿದ ಸಂಗತಿ. ಅಂತೆಯೇ ಈ ಚಿತ್ರವು, ಅಭಿನಯವೆಂದು ಸಿದ್ಧವಾದರೂ, 1936ರಲ್ಲಿ ಗಣರಾಜ್ಯದ ಪರವಾದ ಪತ್ರಿಕೆಗಳು ಯುದ್ಧವನ್ನು ಹೇಗೆ ತೋರಿಸಬಯಸಿದವು, ಓದುಗರು ಯಾವ ಬಗೆಯ ಮರಣವನ್ನು ವೀರಮರಣವೆಂದು ಗುರುತಿಸಿದರು ಎಂಬುದಕ್ಕೆ ಬೆಲೆಯುಳ್ಳ ಸಾಕ್ಷಿಯೇ ಸರಿ. ಅಭಿನಯವೇ ಎಂಬುದು ಇನ್ನೂ ಪೂರ್ಣವಾಗಿ ಇತ್ಯರ್ಥವಾಗಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1947ರ ರೇಡಿಯೋ ಸಂದರ್ಶನದಲ್ಲಿ ಕಾಪಾ, ತಾನು ಕಂದಕದಲ್ಲಿದ್ದು ಕ್ಯಾಮೆರಾವನ್ನು ತಲೆಯ ಮೇಲೆತ್ತಿ ನೋಡದೆಯೇ ಚಿತ್ರ ತೆಗೆದೆನೆಂದಿದ್ದಾನೆ. ಅದೂ ಪರೀಕ್ಷೆಗೆ ಒಳಪಡಬೇಕಾದ ಒಂದು ಹೇಳಿಕೆ.

ಆದಕಾರಣ ನಮ್ಮ ತರಗತಿಗಳಲ್ಲಿ ಈ ಚಿತ್ರವನ್ನು ತೋರಿಸುವಾಗ ಅಡಿಬರಹವು ಇಷ್ಟಕ್ಕೆ ಸೀಮಿತವಾಗಿರುವುದು ಉಚಿತ: ‘ಕಾಪಾ ತೆಗೆದ ಚಿತ್ರ, 1936ರ ಸೆಪ್ಟೆಂಬರ್, ಪ್ರಾಯಶಃ ಎಸ್ಪೆಹೊ ಬಳಿ, ಯೋಧನ ಹೆಸರು ತಿಳಿಯದು, ಸಂದರ್ಭವು ವಿವಾದಗ್ರಸ್ತ.’