ಶೌರ್ಯಪದಕವೂ ಚರಿತ್ರೆಯ ಸಾಕ್ಷ್ಯವೂ: ಮಲಕಂಡ್ ಗ್ರಂಥದ ವಿಮರ್ಶೆ

ಬೆಂಗಳೂರು ದಂಡಿಗೆ 1896ರಲ್ಲಿ ಬಂದ 4ನೆಯ ಹುಸಾರ್ ಅಶ್ವದಳದ ಕಿರಿಯ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ಲರು ಮರುವರ್ಷ ವಾಯವ್ಯ ಗಡಿನಾಡಿನ ಕದನಕ್ಕೆ ಪತ್ರಿಕಾ ಬಾತ್ಮೀದಾರರಾಗಿ ತೆರಳಿದರು. ಬೆಂಗಳೂರಿಗೆ ಮರಳಿ ಅವರು ರಚಿಸಿದ ‘ದಿ ಸ್ಟೋರಿ ಆಫ್ ದಿ ಮಲಕಂಡ್ ಫೀಲ್ಡ್ ಫೋರ್ಸ್’ 1898ರಲ್ಲಿ ಪ್ರಕಟವಾಯಿತು. ಇದರ ಶೈಲಿಯ ಓಜಸ್ಸನ್ನು ಅಲ್ಲಗಳೆಯಲಾಗದು. ಆದರೆ ಶೌರ್ಯಪದಕಗಳ ವಿಷಯದಲ್ಲಿ ಇದನ್ನು ಆಕರವಾಗಿ ಬಳಸುವವರು ಎರಡು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು, ಸಾಕ್ಷ್ಯದ ಸ್ವರೂಪ. 1897ರ ಆಗಸ್ಟ್ 17ರಂದು ನವಾ ಕಿಲಿಯಲ್ಲಿ ಗಾಯಗೊಂಡು ಶತ್ರುಗಳ ನಡುವೆ ಬಿದ್ದಿದ್ದ ಗ್ರೀವ್ಸ್ ಎಂಬ ಅಧಿಕಾರಿಯ ರಕ್ಷಣೆಗೆ 16ನೆಯ ಲ್ಯಾನ್ಸರ್ಸ್ ಅಶ್ವದಳದ ಫಿನ್‌ಕ್ಯಾಸಲ್, ಗೈಡ್ಸ್ ದಳದ ಆಡಮ್ಸ್ ಹಾಗೂ ಮ್ಯಾಕ್ಲೀನ್ ಧಾವಿಸಿದರು. ಮೊದಲಿಬ್ಬರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು, ಮ್ಯಾಕ್ಲೀನ್ ಮಡಿದರು. ಚರ್ಚಿಲ್ಲರು ರಣರಂಗಕ್ಕೆ ಬಂದುದು ಸೆಪ್ಟೆಂಬರಿನಲ್ಲಿ. ಆದುದರಿಂದ ಈ ಘಟನೆಯ ವರ್ಣನೆ ಅನ್ಯರಿಂದ ತಿಳಿದುದು. ಸೆಪ್ಟೆಂಬರ್ 16ರ ಮಾಮುಂದ್ ಕಣಿವೆಯ ಕದನಕ್ಕಾದರೋ ಅವರೇ ಪ್ರತ್ಯಕ್ಷದರ್ಶಿಗಳು. ಅಲ್ಲಿನ ನಡವಳಿಕೆಗಾಗಿ ಸೇನಾ ವರದಿಯಲ್ಲಿ ಅವರ ಪ್ರಶಂಸೆಯೂ ಬಂದಿತು. ಅವರಿಗೆ ದೊರೆತ ಇಂಡಿಯಾ ಪದಕವು ದಂಡಯಾತ್ರೆಯಲ್ಲಿ ಪಾಲ್ಗೊಂಡವರಿಗೆ ಸಲ್ಲುತ್ತಿದ್ದುದೇ ಹೊರತು ಶೌರ್ಯಪದಕವಲ್ಲ. ಈ ಭೇದವನ್ನು ಮರೆಯಬಾರದು.

ಎರಡನೆಯದು ಇನ್ನೂ ಗಂಭೀರವಾದುದು. ಆಡಮ್ಸರ ಅಧಿಕೃತ ಪ್ರಶಸ್ತಿ ವಿವರಣೆಯು ಅದೇ ಗುಂಡಿನ ಮಳೆಯಲ್ಲಿ ಗೈಡ್ಸ್ ದಳದ ಐವರು ಯೋಧರೂ ಮುನ್ನುಗ್ಗಿದರೆಂದು ಹೇಳುತ್ತದೆ. ಅಧಿಕಾರಿಗಳಿಗೆ ಹೆಸರುಂಟು, ಐವರಿಗೆ ಸಂಖ್ಯೆ ಮಾತ್ರ. ಮ್ಯಾಕ್ಲೀನರಿಗೆ ಮರಣದ ಕಾರಣದಿಂದ ಪದಕ ತಪ್ಪಿದ್ದು ಸರಿಯಲ್ಲವೆಂಬ ಅಭಿಪ್ರಾಯವನ್ನು ಚರ್ಚಿಲ್ಲರು ದಾಖಲಿಸಿದ್ದಾರೆ. 1907ರಲ್ಲಿ ಆ ಲೋಪ ಸರಿಹೋಯಿತು. ಭಾರತೀಯ ಸೈನಿಕರಿಗಾದರೋ 1837ರಲ್ಲಿ ಸ್ಥಾಪಿತವಾದ ಆರ್ಡರ್ ಆಫ್ ಮೆರಿಟ್ ಎಂಬ ಪ್ರತ್ಯೇಕ ಗೌರವವಿದ್ದಿತು. ವಿಕ್ಟೋರಿಯಾ ಕ್ರಾಸಿಗೆ ಅವರು ಅರ್ಹರಾದುದು 1911ರಲ್ಲಿ. ಎಂದರೆ, ಆ ಐವರಿಗೆ ಈ ಪದಕ ಬಾರದಿದ್ದುದು ಅವರ ಧೈರ್ಯವನ್ನು ತೂಗಿ ನೋಡಿದ ತೀರ್ಪಲ್ಲ, ನಿಯಮವು ಮೊದಲೇ ಹಾಕಿದ್ದ ಬೇಲಿಯ ಫಲ. ಪದಕಪಟ್ಟಿಯನ್ನೇ ಶೌರ್ಯದ ಪಟ್ಟಿಯೆಂದು ಓದುವ ಚರಿತ್ರಕಾರನು ಅರಿಯದೆಯೇ ಆ ಬೇಲಿಯನ್ನು ಒಪ್ಪಿದಂತಾಗುತ್ತದೆ.

ಈ ವಿವೇಚನೆ ದೂರದ ಗಡಿನಾಡಿಗಷ್ಟೇ ಸೀಮಿತವಲ್ಲ. ನಮ್ಮ ರಾಮನಗರವು ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಹೆಸರಿನಿಂದ ಬಹುಕಾಲ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಮಾಗಡಿಯ ಸಾವನದುರ್ಗವನ್ನು ಕಾರ್ನ್‌ವಾಲಿಸನ ಸೈನ್ಯವು 1791ರ ಡಿಸೆಂಬರ್ 21ರಂದು ಹಿಡಿಯಿತೆಂಬುದನ್ನು ವಿದ್ಯಾರ್ಥಿಗಳು ಓದುತ್ತಾರೆ. ದುರ್ಗವನ್ನು ಕಾಯುತ್ತ ಮಡಿದವರು ಯಾರೆಂಬ ಪ್ರಶ್ನೆಯನ್ನೂ ಅವರು ಕೇಳುವಂತಾಗಬೇಕು. ವಿಜಯಿಯ ದಾಖಲೆಯಲ್ಲಿ ಹೆಸರು ಎಲ್ಲಿ ನಿಂತು ಸಂಖ್ಯೆ ಎಲ್ಲಿ ಮೊದಲಾಗುತ್ತದೆಂಬುದನ್ನು ಗುರುತಿಸುವುದೇ ಸಂಶೋಧನೆಯ ಮೊದಲ ಕರ್ತವ್ಯ.