ಕೊಂಡಿಯ ಗಣನೆಯೂ ಪಕ್ಷನಾಮವೂ

ಜಾಲಪುಟಗಳ ಮೂಲಪಾಠದಲ್ಲಿ ‘ಎಚ್‌ರೆಫ್’ ಎಂಬ ಗುರುತನ್ನು ಹಿಡಿದು ಕೊಂಡಿಗಳನ್ನೆಲ್ಲ ಸಂಗ್ರಹಿಸುವುದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ತರುಣ ತಂತ್ರಜ್ಞರಿಗೆ ಕೆಲವೇ ಸಾಲುಗಳ ಪ್ರೋಗ್ರಾಮಿನ ಕೆಲಸ. ಆದರೆ ಈ ಸಂಗ್ರಹದಿಂದ ಬರೆದವರ ರಾಜಕೀಯ ಪಂಗಡವನ್ನು ನಿರ್ಣಯಿಸಬಹುದೇ ಎಂಬುದು ವಿಚಾರಣೀಯ.

ಈ ಮಾರ್ಗದ ಪ್ರಸಿದ್ಧ ನಿದರ್ಶನ ಆಡಮಿಕ್ ಮತ್ತು ಗ್ಲಾನ್ಸ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ 2004ರ ಚುನಾವಣೆಯ ಕಾಲದ ಉದಾರವಾದಿ, ಸಂಪ್ರದಾಯವಾದಿ ಜಾಲಪುಟಗಳ ಕೊಂಡಿಗಳಲ್ಲಿ ಶೇಕಡಾ 91ರಷ್ಟು ಸ್ವಪಂಗಡದೊಳಗೇ ಉಳಿದುವೆಂದು ಅವರು ತೋರಿಸಿದರು. ಶ್ಲಾಘ್ಯವಾದ ಶೋಧನೆಯೇ ಸರಿ; ಆದರೆ ಪಂಗಡಗಳ ಹೆಸರು ಬಹುಮಟ್ಟಿಗೆ ಕೊಂಡಿಗಳ ಎಣಿಕೆಯಿಂದ ಹುಟ್ಟಿದುದಲ್ಲ, ಮೊದಲೇ ಇಟ್ಟುಕೊಂಡದ್ದು.

ಈ ಕ್ರಮವನ್ನು ಕರ್ನಾಟಕಕ್ಕೆ ಅನ್ವಯಿಸುವವರು ಎಚ್ಚರದಿಂದಿರಬೇಕು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರವಾಗಿ ನಿಂತ ಶಾಂತವೇರಿ ಗೋಪಾಲಗೌಡರು ಸಮಾಜವಾದಿಗಳು. ಕಾಂಗ್ರೆಸ್ಸಿನವರಲ್ಲ, ಕಮ್ಯೂನಿಸ್ಟರೂ ಅಲ್ಲ. ‘ಎಡ’ ಎಂಬ ಒಂದೇ ಚೀಟಿ ಅವರನ್ನೂ ಕಮ್ಯೂನಿಸ್ಟರನ್ನೂ ಒಟ್ಟುಗೂಡಿಸಿ, ಅವರ ನಡುವಣ ವಿವಾದವನ್ನೇ ಅಳಿಸಿಬಿಡುತ್ತದೆ.

ಮೇಲಾಗಿ, ಖಂಡನೆಗೆಂದು ಕೊಟ್ಟ ಕೊಂಡಿಯೂ ಮಂಡನೆಗೆಂದು ಕೊಟ್ಟ ಕೊಂಡಿಯೂ ಬರಿಯ ಎಣಿಕೆಗೆ ಒಂದೇ. ಆದುದರಿಂದ ಎಣಿಕೆ ಯಂತ್ರದ್ದಾಗಲಿ. ಹೆಸರಿಡುವ ಮುನ್ನ ಬರೆಹವನ್ನು ಓದುವ ಹೊಣೆ ಸಂಶೋಧಕನದು. ಯಾರು, ಯಾವ ಆಧಾರದಿಂದ ಹೆಸರಿಟ್ಟರೆಂಬುದೂ ಸಂಖ್ಯೆಗಳೊಡನೆಯೇ ಮುದ್ರಿತವಾಗತಕ್ಕದ್ದು.