ಉಳಿದ 29 ಅಕ್ಷರಗಳು

ಕವಿತೆಗೆ ಚಿತ್ರ ಬರೆದರೆ ಓದುಗನ ಕಲ್ಪನೆಗೆ ಕೆಲಸ ಉಳಿಯುವುದಿಲ್ಲ ಎಂಬ ದೂರು ಹಳೆಯದು. ಜಪಾನಿನ ‘ಚಿಹಾಯಾಫುರು’ ಅನಿಮೇಷನ್ ಸರಣಿಯ ಮೇಲೆ ಅದನ್ನು ಹೊರಿಸುವ ಮುನ್ನ, ಆ ಹೆಸರಿನ ಹಿಂದಿರುವ ಪದ್ಯದ ಹುಟ್ಟನ್ನು ನೋಡಬೇಕು. ಒಂಬತ್ತನೇ ಶತಮಾನದ ಕವಿ ಅರಿವಾರಾ ನೊ ನರಿಹಿರಾ ಅದನ್ನು ಬರೆದದ್ದು ತತ್ಸುತಾ ನದಿಯ ದಡದಲ್ಲಿ ನಿಂತಲ್ಲ. ಮಡಿಚುತೆರೆಯ ಮೇಲೆ ಯಾರೋ ಬಿಡಿಸಿದ್ದ, ಕೆಂಪೆಲೆ ತೇಲುವ ನದಿಯ ಚಿತ್ರವನ್ನು ನೋಡಿ. ‘ಕೊಕಿನ್‌ಶೂ’ ಸಂಕಲನದ ಟಿಪ್ಪಣಿಯೇ ಹಾಗೆನ್ನುತ್ತದೆ. ಚಿತ್ರದಿಂದ ಹುಟ್ಟಿದ ಪದ್ಯ ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ ಚಿತ್ರಕ್ಕೇ ಮರಳಿದೆ. ಮರಳಿದ ಮೇಲೂ ಅದು ಕವಿತೆಯಾಗಿ ಉಳಿದಿದೆಯೆ?

ಯುಕಿ ಸುಎತ್ಸುಗು 2007ರಲ್ಲಿ ಆರಂಭಿಸಿದ ಮಾಂಗಾವನ್ನು ಮ್ಯಾಡ್‌ಹೌಸ್ ಸಂಸ್ಥೆ 2011ರಿಂದ ಅನಿಮೇಷನ್ ಮಾಡಿತು. ವಸ್ತು ಕರುತಾ ಎಂಬ ಆಟ. ಫುಜಿವಾರಾ ನೊ ತೆಯ್ಕಾ ನೂರು ಕವಿಗಳಿಂದ ಒಂದೊಂದರಂತೆ ಆಯ್ದ ‘ಹ್ಯಾಕುನಿನ್ ಇಶ್ಶು’ ಪದ್ಯಗಳನ್ನು ಒಬ್ಬರು ರಾಗವಾಗಿ ಓದುತ್ತಾರೆ. ಆ ಪದ್ಯದ ಉತ್ತರಾರ್ಧವಿರುವ ಕಾರ್ಡನ್ನು ಎದುರಾಳಿಗಿಂತ ಮೊದಲು ಹೊಡೆಯಬೇಕು. ಚಾಪೆಯ ಮೇಲೆ 50 ಕಾರ್ಡು, ತಲಾ 25. ಜಾಗ ನೆನಪಿಡಲು 15 ನಿಮಿಷ. ನರಿಹಿರಾನ ಪದ್ಯ ಗುರುತಾಗಲು ‘ಚಿ-ಹಾ’ ಕೇಳಬೇಕು. ‘ಚಿ’ಯಿಂದಲೇ ಶುರುವಾಗುವ ಇನ್ನೆರಡು ಪದ್ಯಗಳ ಸರದಿ ಆಗಲೇ ಮುಗಿದಿದ್ದರೆ ‘ಚಿ’ ಅಷ್ಟೇ ಸಾಕು, ಕೈ ಹಾರುತ್ತದೆ.

ಅರ್ಥದ ಕಡೆಯಿಂದ ನೋಡಿದರೆ ಇದು ಕವಿತೆಯ ಕೊಲೆ. 31 ಅಕ್ಷರಗಳಲ್ಲಿ ಎರಡಕ್ಕೆ ಬೆಲೆ, ಉಳಿದ 29 ದಂಡ. ಸರಣಿಗೆ ಇದು ಗೊತ್ತು. ಅದಕ್ಕೇ ಕಿಮೊನೊ ಅಂಗಡಿಯ ಮನೆಯ ಹುಡುಗಿ ಕನಾದೆ ಕಥೆಯೊಳಗೆ ಬರುತ್ತಾಳೆ. ವೇಗದ ಹಟಕ್ಕೆ ಬಿದ್ದ ನಾಯಕಿ ಚಿಹಾಯಾಗೆ ಅವಳು ಕೆಂಪು ನದಿಯ ಹಿಂದಿರುವ ಪ್ರೇಮವನ್ನು ಬಿಡಿಸಿ ಹೇಳುತ್ತಾಳೆ. ಪಾಠದಂತೆ ಕೇಳಿಸಬಹುದಾಗಿದ್ದ ಮಾತು ಕಥೆಯಾಗುವುದು, ಅರ್ಥ ತಿಳಿದವಳಿಗೆ ಆ ಕಾರ್ಡು ಬೇರೆಯಾಗಿ ಕಾಣತೊಡಗುವುದರಿಂದ.

ಆದರೂ ನನ್ನ ಮಟ್ಟಿಗೆ ಸರಣಿಯ ನಿಜವಾದ ಸಾಧನೆ ಕನಾದೆಯ ವ್ಯಾಖ್ಯಾನವಲ್ಲ, ಓದುವ ದನಿ. ಹಿಂದಿನ ಪದ್ಯದ ಕೊನೆಯ ಸಾಲುಗಳು, ಒಂದು ಕ್ಷಣದ ನಿಲುಗಡೆ, ಆಮೇಲೆ ಹೊಸ ಪದ್ಯದ ಮೊದಲ ಉಸಿರು: ಸ್ಪರ್ಧೆಯ ಈ ಕ್ರಮವನ್ನು ನಿರ್ದೇಶಕ ಮೊರಿಯೊ ಅಸಾಕಾ ಅವಸರಿಸದೆ ಕೇಳಿಸುತ್ತಾರೆ. ಜಪಾನಿ ಬಾರದ ನನಗೂ ಐದು-ಏಳು ಅಕ್ಷರಗಳ ಸಾಲುಗಳ ಆ ನಡೆ ಹಿಡಿಸಿತು. ಕುಮಾರವ್ಯಾಸನನ್ನು ಗಮಕಿಯ ಕಂಠದಲ್ಲಿ ಕೇಳಿದವರಿಗೆ ಇದು ಗೊತ್ತಿರುವ ಸಂಗತಿ; ಅರ್ಥ ಬರುವ ಮುಂಚೆಯೇ ಕಿವಿ ಒಲಿದಿರುತ್ತದೆ. ಅಚ್ಚಿನ ಪುಟ ಮರೆಸಿದ್ದನ್ನು ಜನಪ್ರಿಯ ಮಾಧ್ಯಮವೊಂದು ಹೀಗೆ ನೆನಪಿಸುವುದು ಸಣ್ಣ ಕೆಲಸವಲ್ಲ. ಬೇಸರವೆಂದರೆ, ಅದೇ ನಿಲುಗಡೆಗಳಲ್ಲಿ ಆಟಗಾರರ ಮನದ ಮಾತು ತುಂಬಿ ಪದ್ಯ ಎಷ್ಟೋ ಸಲ ಮುಳುಗಿಹೋಗುತ್ತದೆ.

ಇನ್ನೂ ದೊಡ್ಡ ಕೊರತೆ ಆಯ್ಕೆಯದು. ನೂರರಲ್ಲಿ 43 ಪ್ರೇಮಪದ್ಯಗಳು. ಹರೆಯದವರ ಕಥೆಗೆ ಅವು ಸಲೀಸಾಗಿ ಒದಗುತ್ತವೆ. ಸಂಕಲನದ ಕೊನೆಯ ಎರಡು ಪದ್ಯಗಳು ಮಾತ್ರ 1221ರ ಸಂಘರ್ಷದಲ್ಲಿ ಸೋತು ಗಡೀಪಾರಾದ ಗೊ-ತೊಬಾ ಮತ್ತು ಅವನ ಮಗ ಜುಂತೊಕು ಎಂಬ ಇಬ್ಬರು ಮಾಜಿ ಚಕ್ರವರ್ತಿಗಳವು. ಅಧಿಕಾರ ಕೈಜಾರುತ್ತಿದ್ದ ಅರಮನೆಯ ಆ ಅಳಲು ಗೆಲುವಿನ ಹುಮ್ಮಸ್ಸಿನ ಕಥೆಗೆ ಒಗ್ಗುವುದಿಲ್ಲ. ತೆಯ್ಕಾ ನೂರು ಪದ್ಯಗಳನ್ನು ಅವುಗಳಿಂದಲೇ ಏಕೆ ಮುಗಿಸಿದ ಎಂದು ಕೇಳುವ ನೋಡುಗ ಪುಸ್ತಕವನ್ನೇ ತೆರೆಯಬೇಕು. ಹಾಗೆ ತೆರೆಯುವಷ್ಟು ಹಸಿವನ್ನು ಸರಣಿ ನನ್ನಲ್ಲಂತೂ ಹುಟ್ಟಿಸಿತು.